ಓಟದ ಹಿಂದಿನ ರಾತ್ರಿ ನುಂಗಿದ ಮಾತ್ರೆ

“ಮೇಡಂ, ನನಗೆ ಬೇರೇನೂ ಬೇಡ. ಓಟದ ಹಿಂದಿನ ರಾತ್ರಿ ಯಾವ ಮಾತ್ರೆ ತಗೊಂಡ್ರೆ ಬೆಳಗ್ಗೆ ತಲೆ ಭಾರ ಇರಲ್ಲ, ಅಷ್ಟು ಹೇಳಿ ಸಾಕು.”

ಫೆಬ್ರವರಿಯ ಒಂದು ಸಂಜೆ ಓಟಗಾರ್ತಿಯೊಬ್ಬರು ನನ್ನೆದುರು ಕೂತು ಆಡಿದ ಮೊದಲ ಮಾತು ಇದು. ವಯಸ್ಸು 41. ಮೈಸೂರಿನಲ್ಲಿ ಬ್ಯಾಂಕ್ ಕೆಲಸ. ಇಬ್ಬರು ಮಕ್ಕಳು. ಆರು ವರ್ಷದಿಂದ ಓಡುತ್ತಿದ್ದಾರೆ. ಕುಕ್ಕರಹಳ್ಳಿ ಕೆರೆ ಏರಿಯ ಮೇಲಿನ ವಾಕಿಂಗ್ ನಿಧಾನಕ್ಕೆ ಓಟವಾಯಿತು. ಈಗ ಭಾನುವಾರಗಳಲ್ಲಿ ಚಾಮುಂಡಿ ಬೆಟ್ಟದ ರಸ್ತೆಯನ್ನೂ ಓಡಿಕೊಂಡೇ ಹತ್ತುತ್ತಾರೆ. ಗುರುತು ಸಿಗಬಾರದು ಎಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಬರೆದದ್ದನ್ನು ಅವರು ಓದಿಯೂ ಇದ್ದಾರೆ.

ನಾನು ಆಪ್ತಸಮಾಲೋಚಕಿ, ವೈದ್ಯೆ ಅಲ್ಲ, ಮಾತ್ರೆ ಹೇಳುವ ಹಾಗಿಲ್ಲ ಎಂದೆ. ಅವರ ಮುಖ ಸಣ್ಣದಾಯಿತು. ಎದ್ದು ಹೋಗುತ್ತಾರೇನೋ ಅನ್ನಿಸಿತು. “ಹೋದ ಸಲ ಏನಾಯಿತು, ಅದನ್ನಾದರೂ ಹೇಳಿ” ಎಂದು ಕೇಳಿದೆ. ಮುಂದಿನ ಮುಕ್ಕಾಲು ಗಂಟೆ ಅವರೇ ಮಾತಾಡಿದರು.

ಜನವರಿಯಲ್ಲಿ ಮುಂಬೈ ಮ್ಯಾರಥಾನ್‌ಗೆ ಹೋಗಿದ್ದರು. ಅವರ ಮೊದಲ ಪೂರ್ತಿ ಮ್ಯಾರಥಾನ್, 42.195 ಕಿಲೋಮೀಟರ್. ಅಲ್ಲಿ ಓಟ ಶುರುವಾಗುವುದು ಬೆಳಗಿನ ಜಾವ 5ಕ್ಕೆ, ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ರೈಲು ನಿಲ್ದಾಣದ ಎದುರು. ಉಳಿದುಕೊಂಡದ್ದು ಮಾಟುಂಗಾದ ಚಿಕ್ಕಮ್ಮನ ಮನೆಯಲ್ಲಿ. ಅಲಾರಂ 2:45ಕ್ಕೆ. ರಾತ್ರಿ 9ಕ್ಕೇ ಮಲಗಿದರು.

“10 ಆಯ್ತು, 11 ಆಯ್ತು. ಕಣ್ಣು ಮುಚ್ಚಿದ್ರೆ ಎದೆ ಡವಡವ. ಮೊಬೈಲ್ ತೆಗೆದು ಟೈಮ್ ನೋಡೋದು, ಈಗ ನಿದ್ದೆ ಬಂದ್ರೂ ನಾಲ್ಕು ಗಂಟೆ ಸಿಗುತ್ತೆ, ಮೂರೂವರೆ ಸಿಗುತ್ತೆ ಅಂತ ಲೆಕ್ಕ ಹಾಕೋದು. ಪಕ್ಕದಲ್ಲಿ ನಮ್ಮ ಯಜಮಾನ್ರು ಗೊರಕೆ. ಅವರಿಗೆ ಸಂತೇಲೂ ನಿದ್ದೆ ಬರುತ್ತೆ. ನನಗೆ ಅಳು ಬಂತು. ಆರು ತಿಂಗಳು ತಯಾರಿ ಮಾಡಿದ್ದೀನಿ ಮೇಡಂ.”

11:30ಕ್ಕೆ ನೀರು ಕುಡಿಯಲು ಅಡುಗೆಮನೆಗೆ ಹೋದರು. ಚಿಕ್ಕಮ್ಮ ಎದ್ದಿದ್ದರು. “ಯಾಕೆ ಪುಟ್ಟೀ, ನಿದ್ದೆ ಬರ್ಲಿಲ್ವಾ? ತಗೋ, ಇದೊಂದು ನುಂಗು. ನಾನು ದಿನಾ ತಗೋತೀನಿ, ಏನೂ ಆಗಲ್ಲ” ಎಂದು ಡಬ್ಬಿಯಿಂದ ಒಂದು ಹೊಸ ಸ್ಟ್ರಿಪ್ ತೆಗೆದು ಪೂರ್ತಿಯಾಗಿ ಕೈಗಿಟ್ಟರು. ಆತಂಕ ಇಳಿಸುವ, ನಿದ್ದೆ ತರಿಸುವ ಅಲ್ಪ್ರಜೋಲಾಮ್, 0.5 ಮಿಲಿಗ್ರಾಂ. ನಮ್ಮ ಮನೆಗಳಲ್ಲಿ ಹೆಪ್ಪಿಗೆ ಮೊಸರು ಕೊಟ್ಟ ಹಾಗೆ ಮಾತ್ರೆ ಕೊಡುತ್ತೇವೆ. ಅದರಲ್ಲಿ ಪ್ರೀತಿಯೇ ಇರುತ್ತದೆ. ಹಾಗಾಗಿ ಬೇಡ ಅನ್ನಲು ಬಾಯಿ ಬರುವುದಿಲ್ಲ.

ನಿದ್ದೆ ಬಂತು. ಅಲಾರಂ ಕೇಳಿಸಲಿಲ್ಲ. ಗಂಡ ಭುಜ ಅಲುಗಾಡಿಸಿ ಎಬ್ಬಿಸಬೇಕಾಯಿತು. ಶೂ ಲೇಸ್ ಕಟ್ಟಿದ್ದು ನೆನಪಿಲ್ಲ. ಟ್ಯಾಕ್ಸಿಯಲ್ಲಿ ಮತ್ತೆ ತೂಕಡಿಕೆ. ಓಟ ಶುರುವಾದಾಗ ಕಾಲು ತಮ್ಮದಲ್ಲ ಅನ್ನಿಸಿತಂತೆ. ಎರಡು ಸಲ ರಸ್ತೆ ಉಬ್ಬಿಗೆ ಎಡವಿದರು. ಸಮುದ್ರದ ಮೇಲಿನ ಸೇತುವೆ ಸೀ ಲಿಂಕ್ ಹತ್ತಿದಾಗ ಗಾಳಿ ಬೀಸಿದ್ದು ಗೊತ್ತು. ಅಲ್ಲಿಗೆ ಬರುವ ತನಕದ ದಾರಿ ತುಂಡು ತುಂಡಾಗಿ ಮಾತ್ರ ನೆನಪಿದೆ. 24ನೇ ಕಿಲೋಮೀಟರ್ ಹತ್ತಿರ ರಸ್ತೆಯ ಅಂಚಿನಲ್ಲಿ ಕೂತುಬಿಟ್ಟರು. ವೈದ್ಯಕೀಯ ತಂಡದವರು ಬಂದರು. ಬಿಪಿ, ಶುಗರ್ ನೋಡಿದರು. ಒಬ್ಬ ಯುವ ಡಾಕ್ಟರ್ ಬಗ್ಗಿ ಕೂತು ಕೇಳಿದರು: “ರಾತ್ರಿ, ಬೆಳಗ್ಗೆ ಏನಾದರೂ ಮಾತ್ರೆ ತಗೊಂಡಿದ್ದೀರಾ?”

“ಇಲ್ಲ ಅಂದೆ ಮೇಡಂ.”

ಇಷ್ಟು ಹೇಳಿ ಅವರು ಸುಮ್ಮನಾದರು. ತಾವು ಯಾಕೆ ಬಂದದ್ದು ಎಂದು ಅವರಿಗೇ ಆಗ ಗೊತ್ತಾಯಿತು ಅನ್ನಿಸುತ್ತದೆ. ಮಾತ್ರೆಯ ಹೆಸರು ಕೇಳಲು ಬಂದವರಿಗೆ ನಿಜವಾಗಿ ಚುಚ್ಚುತ್ತಿದ್ದದ್ದು ಆ ‘ಇಲ್ಲ’.

ದೀರ್ಘ ಓಟದಲ್ಲಿ ಮಂಪರು, ತೊದಲು, ದಿಕ್ಕು ತಪ್ಪಿದಂತಾಗುವುದು, ಇವೆಲ್ಲ ಬೇರೆ ಅಪಾಯಗಳ ಗುರುತೂ ಹೌದು. ನೀರು ಜಾಸ್ತಿ ಕುಡಿದು ರಕ್ತದಲ್ಲಿ ಸೋಡಿಯಂ ಇಳಿದಿರಬಹುದು. ಬಿಸಿಲಿನ ಆಘಾತ ಇರಬಹುದು. ಸಕ್ಕರೆ ಇಳಿದಿರಬಹುದು. ಸೋಡಿಯಂ ಇಳಿದದ್ದು ಗೊತ್ತಾಗದೆ ಹೋದರೆ ಮಿದುಳು ಊದಿಕೊಂಡು ಜೀವವೇ ಹೋಗಬಹುದು. ಮಾತ್ರೆ ವಿಷಯ ಗೊತ್ತಿಲ್ಲದ ಡಾಕ್ಟರ್ ಇದೆಲ್ಲವನ್ನೂ ಯೋಚಿಸಲೇಬೇಕು. ಅವರು ಆಸ್ಪತ್ರೆಗೆ ಕಳಿಸಿದರು. ರಕ್ತ ಪರೀಕ್ಷೆಯಲ್ಲಿ ಎಲ್ಲ ಸರಿ ಇತ್ತು. ಮಧ್ಯಾಹ್ನದ ಹೊತ್ತಿಗೆ ಮನೆಗೆ ಬಂದರು. ಗಂಡನಿಗೂ ಹೇಳಲಿಲ್ಲ. ಸ್ಟ್ರಿಪ್ ಮಾತ್ರ ಪರ್ಸ್‌ನಲ್ಲೇ ಮೈಸೂರಿಗೆ ಬಂತು.

“ಈಗ ಅದರಲ್ಲಿ ಎಷ್ಟು ಉಳಿದಿವೆ?” ಎಂದು ಕೇಳಿದೆ.

“ಐದು.”

10ರಲ್ಲಿ ಒಂದು ಮುಂಬೈಯಲ್ಲಿ ಮುಗಿದಿತ್ತು. ಬ್ಯಾಂಕಿನಲ್ಲಿ ಆಡಿಟ್ ಇದ್ದ ವಾರ ಎರಡು. ಮಗನ ಪರೀಕ್ಷೆಯ ಹಿಂದಿನ ರಾತ್ರಿ ಒಂದು. ಇನ್ನೊಂದಕ್ಕೆ ಕಾರಣವೇ ಇರಲಿಲ್ಲ. ನಿದ್ದೆ ಬರದಿದ್ದರೆ ಅನ್ನುವ ಭಯವೊಂದೇ. ನನ್ನ ಕಾಳಜಿ ಜಾಸ್ತಿಯಾದದ್ದು ಇಲ್ಲಿ. ಬೆಳಗ್ಗೆ ಅವರಿಗೇ ದೊಡ್ಡ ಕೆಲಸವಿಲ್ಲದ ರಾತ್ರಿಗೂ ಮಾತ್ರೆ ಬೇಕಾಗಿತ್ತು.

ಆ ದಿನ ನಾನು ಕೊಟ್ಟ ಸಲಹೆ ಒಂದೇ. ಉಳಿದ ಐದನ್ನು ಹಿಡಿದುಕೊಂಡು ಒಬ್ಬ ವೈದ್ಯರ ಹತ್ತಿರ ಹೋಗಿ, ಮುಂಬೈಯಲ್ಲಿ ಹೇಳದೆ ಉಳಿಸಿದ್ದನ್ನು ಅಲ್ಲಿ ಹೇಳಿ ಎಂದೆ. ನಾನು ಜೊತೆಯಲ್ಲಿ ಕೆಲಸ ಮಾಡುವ ಮನೋವೈದ್ಯರಿಗೆ ಒಂದು ಚೀಟಿ ಬರೆದುಕೊಟ್ಟೆ.

ವೈದ್ಯರು ಅವರಿಗೆ ವಿವರಿಸಿದ್ದನ್ನು ಅವರು ಮುಂದಿನ ಭೇಟಿಯಲ್ಲಿ ಬರೆದುಕೊಂಡೇ ಬಂದಿದ್ದರು. ಅಲ್ಪ್ರಜೋಲಾಮ್ ಅರ್ಧ ಇಳಿಯಲು ಸುಮಾರು 11 ಗಂಟೆ ಬೇಕು. 11:30ಕ್ಕೆ ನುಂಗಿದವರಿಗೆ ಬೆಳಗ್ಗೆ 5ಕ್ಕೆ ಅರ್ಧಕ್ಕಿಂತ ಜಾಸ್ತಿ ಇನ್ನೂ ರಕ್ತದಲ್ಲೇ ಇರುತ್ತದೆ. ಅದು ಸ್ನಾಯುಗಳನ್ನು ಸಡಿಲ ಮಾಡುತ್ತದೆ. ಸಮತೋಲ ಕೆಡಿಸುತ್ತದೆ. ಹೊಸ ನೆನಪು ಕೂರದಂತೆ ಮಾಡುತ್ತದೆ. ಎಡವಿದ್ದು, ದಾರಿ ಮರೆತದ್ದು ಎಲ್ಲಕ್ಕೂ ಇಲ್ಲಿ ಉತ್ತರ ಸಿಕ್ಕಿತು. ಅವರ ಕಾಲಿನ ಬಲ ಎಲ್ಲಿಗೂ ಹೋಗಿರಲಿಲ್ಲ.

ಇದು ಶೆಡ್ಯೂಲ್ ಎಚ್1 ಪಟ್ಟಿಯ ಔಷಧ ಎನ್ನುವುದೂ ಅವರಿಗೆ ಹೊಸದು. ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಔಷಧದಂಗಡಿಯವರು ರೋಗಿಯ ಹೆಸರು, ವೈದ್ಯರ ಹೆಸರು ಬೇರೆ ಪುಸ್ತಕದಲ್ಲಿ ಬರೆದು 3 ವರ್ಷ ಇಟ್ಟುಕೊಳ್ಳಬೇಕು. ಅಷ್ಟು ಕಟ್ಟುನಿಟ್ಟಿನ ವಸ್ತು ನಮ್ಮ ಅಡುಗೆಮನೆ ಡಬ್ಬಿಯಲ್ಲಿ ಜೀರಿಗೆ ಪಕ್ಕ ಕೂತಿರುತ್ತದೆ.

“ಹಾಗಾದರೆ ಬೇಗ ಇಳಿಯುವ ಮಾತ್ರೆ ಇಲ್ವಾ?” ಎಂದು ಅವರು ವೈದ್ಯರನ್ನು ಕೇಳಿದ್ದರಂತೆ. ಓಡುವವರ ಗುಂಪಿನಲ್ಲಿ ಯಾರೋ ಝೋಲ್ಪಿಡೆಮ್ ಎಂಬ ಇನ್ನೊಂದು ನಿದ್ದೆ ಮಾತ್ರೆಯ ಹೆಸರು ಹೇಳಿದ್ದರು. ಅದು ಬೇಗ ಇಳಿಯುವುದು ನಿಜ. ಆದರೂ ನುಂಗಿದ ಮೇಲೆ 7-8 ಗಂಟೆ ಮಲಗಲು ಸಮಯವಿರಬೇಕು. 2:45ಕ್ಕೆ ಏಳುವವರು ಹಾಗಾದರೆ ಸಂಜೆ 7ಕ್ಕೇ ನುಂಗಬೇಕು. ಇನ್ನೊಂದು ವಿಷಯ ಇದೆ. 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಹೆಂಗಸರಿಗೆ ಇದರ ಪ್ರಮಾಣವನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಿತು. ಹೆಂಗಸರ ದೇಹ ಇದನ್ನು ನಿಧಾನವಾಗಿ ಹೊರಹಾಕುತ್ತದೆ, ಬೆಳಗ್ಗೆ ಗಾಡಿ ಓಡಿಸುವಾಗಲೂ ಮಂಪರು ಉಳಿದಿರಬಹುದು ಎಂದು. 2019ರಲ್ಲಿ ಅದೇ ಸಂಸ್ಥೆ ಇನ್ನೂ ಗಟ್ಟಿಯಾದ ಎಚ್ಚರಿಕೆ ಕೊಟ್ಟಿತು: ಕೆಲವರು ನಿದ್ದೆಯಲ್ಲೇ ಎದ್ದು ನಡೆಯುತ್ತಾರೆ, ಗಾಡಿ ಓಡಿಸುತ್ತಾರೆ, ಬೆಳಗ್ಗೆ ನೆನಪೇ ಇರುವುದಿಲ್ಲ.

ದೊಡ್ಡ ಕ್ರೀಡಾಪಟುಗಳೂ ಇದರಲ್ಲಿ ಸಿಕ್ಕಿಕೊಂಡಿದ್ದಾರೆ. 2012ರ ಲಂಡನ್ ಒಲಿಂಪಿಕ್ಸ್‌ಗೆ ಕೆಲವೇ ವಾರ ಮುಂಚೆ ಆಸ್ಟ್ರೇಲಿಯಾದ ಒಲಿಂಪಿಕ್ ಸಮಿತಿ ತನ್ನ ತಂಡಕ್ಕೆ ಸ್ಟಿಲ್‌ನಾಕ್ಸ್ ಎಂಬ ಮಾತ್ರೆಯನ್ನು ನಿಷೇಧಿಸಿತು. ಅದೂ ಝೋಲ್ಪಿಡೆಮ್ಮೇ. 1500 ಮೀಟರ್ ಈಜಿನಲ್ಲಿ ಎರಡು ಒಲಿಂಪಿಕ್ ಚಿನ್ನ ಗೆದ್ದ ಗ್ರ್ಯಾಂಟ್ ಹ್ಯಾಕೆಟ್, ತಾನು ಆ ಮಾತ್ರೆಗೆ ಅಂಟಿಕೊಂಡದ್ದನ್ನು ಬಹಿರಂಗವಾಗಿ ಹೇಳಿಕೊಂಡ ಮೇಲೆ ಬಂದ ನಿಷೇಧ ಅದು. ಇದನ್ನು ನಾನು ಅವರಿಗೆ ಹೇಳಿದ್ದು ಹೆದರಿಸಲು ಅಲ್ಲ. ತಾನೊಬ್ಬಳೇ ದುರ್ಬಲಳು ಎಂದು ಅವರು ಅಂದುಕೊಂಡಿದ್ದರು. ಅದು ಹೋಗಬೇಕಿತ್ತು.

ಇನ್ನು ವೈದ್ಯರು ಕಂಡುಹಿಡಿದ ವಿಷಯ. ರಾತ್ರಿ ಮಲಗಿದರೆ ಮೊಣಕಾಲಿನ ಕೆಳಗೆ ಏನೋ ಹರಿದಾಡಿದಂತೆ ಆಗುತ್ತದೆ, ಕಾಲು ಆಡಿಸುತ್ತಲೇ ಇರಬೇಕು ಅನ್ನಿಸುತ್ತದೆ ಎಂದು ಇವರು ಮಾತಿನ ನಡುವೆ ಹೇಳಿದ್ದರು. ನನಗೂ ಹೇಳಿದ್ದರು. ಓಡಿದ ಆಯಾಸ ಇರಬಹುದು ಎಂದು ನಾನು ಅದನ್ನು ಅಲ್ಲಿಗೇ ಬಿಟ್ಟಿದ್ದೆ. ವೈದ್ಯರು ಬಿಡಲಿಲ್ಲ. ರಕ್ತದಲ್ಲಿ ಫೆರಿಟಿನ್, ಅಂದರೆ ದೇಹ ಕೂಡಿಟ್ಟ ಕಬ್ಬಿಣದ ಅಳತೆ, ನೋಡಿಸಿದರು. ತೀರಾ ಕಡಿಮೆ ಇತ್ತು. ಮುಟ್ಟು ನಿಲ್ಲದ ವಯಸ್ಸಿನ, ಜಾಸ್ತಿ ಓಡುವ ಹೆಂಗಸರಲ್ಲಿ ಇದು ಸಾಮಾನ್ಯ. ಕಬ್ಬಿಣ ಕಡಿಮೆಯಾದರೆ ಕಾಲಿನ ಈ ಚಡಪಡಿಕೆ ಬರುತ್ತದೆ, ನಿದ್ದೆ ಕೆಡುತ್ತದೆ. ಕಬ್ಬಿಣದ ಮಾತ್ರೆ ಶುರುವಾಯಿತು. ಅದನ್ನು ಕಾಫಿ, ಟೀ ಜೊತೆ ತಗೊಂಡರೆ ಮೈಗೆ ಹತ್ತುವುದಿಲ್ಲ, ನಿಂಬೆ ಪಾನಕದ ಜೊತೆ ತಗೊಳ್ಳಿ ಎಂದು ಹೇಳಿ ಕಳಿಸಿದರು. ಉಳಿದ ಐದು ನಿದ್ದೆ ಮಾತ್ರೆಗಳನ್ನು ತಾವೇ ಇಟ್ಟುಕೊಂಡರು. ಇವರು ತಗೊಂಡದ್ದು ಬಿಡಿ ಬಿಡಿಯಾಗಿ, ಹಾಗಾಗಿ ನಿಲ್ಲಿಸಲು ತೊಂದರೆ ಇರಲಿಲ್ಲ. ವಾರಗಟ್ಟಲೆ ದಿನಾ ನುಂಗುವವರ ವಿಷಯ ಬೇರೆ. ಅವರು ಒಮ್ಮೆಗೇ ನಿಲ್ಲಿಸಬಾರದು, ಫಿಟ್ಸ್ ಬರುವಷ್ಟು ಅಪಾಯ ಇದೆ. ವೈದ್ಯರೇ ನಿಧಾನಕ್ಕೆ ಇಳಿಸಬೇಕು.

ಮೂರನೇ ಭೇಟಿಯಿಂದ ನನ್ನ ಕೆಲಸ ಶುರುವಾಯಿತು. ಭಯದ ಬುಡ ಎಲ್ಲಿದೆ ಎಂದು ನೋಡಬೇಕಿತ್ತು.

ಅವರ ತಂದೆ ಶಾಲಾ ಮೇಷ್ಟ್ರು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನಗಳಲ್ಲಿ ರಾತ್ರಿ 9ಕ್ಕೆ ಮೇನ್ ಸ್ವಿಚ್ ಆರಿಸಿಬಿಡುತ್ತಿದ್ದರು. “ನಿದ್ದೆಗೆಟ್ಟರೆ ವರ್ಷವಿಡೀ ಓದಿದ್ದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ” ಎನ್ನುತ್ತಿದ್ದರು. ಹುಡುಗಿ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು, ನಿದ್ದೆ ಬರಲಿಲ್ಲ, ನಾಳೆ ಎಲ್ಲ ಮರೆತು ಹೋಗುತ್ತೆ ಎಂದು ನಡುಗುತ್ತಿದ್ದಳು. ಗಣಿತದಲ್ಲಿ ನೂರಕ್ಕೆ 91 ಬಂತು. ಆದರೂ ಭಯ ಹೋಗಲಿಲ್ಲ. ಅದು ಬಿ.ಕಾಂ ಪರೀಕ್ಷೆಗೆ ಬಂತು, ಬ್ಯಾಂಕ್ ಇಂಟರ್‌ವ್ಯೂಗೆ ಬಂತು, ಈಗ ಮ್ಯಾರಥಾನ್‌ಗೂ ಬಂದಿದೆ.

“ನಿದ್ದೆ ಇಲ್ಲದೆ ಓಟ ಕೆಟ್ಟದ್ದು ಯಾವಾಗ? ಬರೆದಿಟ್ಟಿದ್ದೀರಾ?” ಎಂದು ಕೇಳಿದೆ. ಬರೆದಿಟ್ಟಿದ್ದರು. ಬ್ಯಾಂಕಿನಲ್ಲಿ ವರ್ಷಕ್ಕೊಂದು ಕೊಡುತ್ತಾರಲ್ಲ, ಆ ಡೈರಿಗಳಲ್ಲಿ ಪ್ರತಿ ಓಟದ ವಿವರ ಇತ್ತು. ಮುಂದಿನ ಸಲ ಮೂರು ಡೈರಿ ತಂದರು. ಇಬ್ಬರೂ ಕೂತು ಪುಟ ತಿರುವಿದೆವು. 21 ಕಿಲೋಮೀಟರಿನ ಓಟಗಳು ಎಂಟು ಇದ್ದವು. ಅವುಗಳಲ್ಲಿ ಅವರ ಅತಿ ಒಳ್ಳೆಯ ಓಟ 2 ಗಂಟೆ 4 ನಿಮಿಷದ್ದು. ಆ ಪುಟದ ಮೇಲ್ತುದಿಯಲ್ಲಿ ಅವರದೇ ಕೈಬರಹ: “ಮಗಳಿಗೆ ಜ್ವರ. ಮೂರು ಗಂಟೆ ನಿದ್ದೆ.”

ಅವರು ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಅದನ್ನು ತಾವೇ ಬರೆದದ್ದು ಅವರಿಗೆ ಮರೆತೇ ಹೋಗಿತ್ತು. ನಿದ್ದೆ ಕೆಟ್ಟು ಓಟವೂ ಕೆಟ್ಟದ್ದು ಮಾತ್ರ ನೆನಪಿತ್ತು. ನಿದ್ದೆ ಕೆಟ್ಟೂ ಓಟ ಚೆನ್ನಾಗಿ ಆದದ್ದನ್ನು ಮನಸ್ಸು ಬದಿಗೆ ಸರಿಸಿತ್ತು. ಇಂಥ ಕಡೆ ನನ್ನ ಮಾತಿಗಿಂತ ಅವರ ಡೈರಿಯ ಮಾತಿಗೆ ತೂಕ ಜಾಸ್ತಿ.

ಇದು ಇವರೊಬ್ಬರ ಅದೃಷ್ಟವೂ ಅಲ್ಲ. 2014ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು 103 ಮ್ಯಾರಥಾನ್ ಓಟಗಾರರ ಹಿಂದಿನ ರಾತ್ರಿಯ ನಿದ್ದೆ ವಿಚಾರಿಸಿ ಪ್ರಕಟಿಸಿದರು. ಸುಮಾರು 70 ಶೇಕಡಾ ಮಂದಿ ಎಂದಿಗಿಂತ ಕೆಟ್ಟ ನಿದ್ದೆ ಮಾಡಿದ್ದರು. ನಿದ್ದೆ ಕೆಟ್ಟವರ ಮನಃಸ್ಥಿತಿಯೂ ಸ್ವಲ್ಪ ಕೆಟ್ಟಿತ್ತು. ಆದರೆ ಆ ನಿದ್ದೆಗೂ ಅವರ ಓಟದ ಫಲಿತಾಂಶಕ್ಕೂ ಸಂಬಂಧ ಕಾಣಲಿಲ್ಲ. ಅಂದರೆ ಬೆಳಗ್ಗೆ 5ಕ್ಕೆ ಆ ಗೆರೆಯ ಹಿಂದೆ ನಿಂತವರಲ್ಲಿ ಹೆಚ್ಚಿನವರು ನಿದ್ದೆಗೆಟ್ಟವರೇ. “ನಿಮ್ಮ ಪಕ್ಕದಲ್ಲಿ ನಿಂತವರನ್ನು ಕೇಳಿದ್ದರೆ ಅವರೂ ಅದನ್ನೇ ಹೇಳುತ್ತಿದ್ದರು” ಎಂದೆ.

ಹಾಗಂತ ನಿದ್ದೆ ಮುಖ್ಯವಲ್ಲ ಎಂದಲ್ಲ. ಆ ಒಂದು ರಾತ್ರಿಗಿಂತ ಅದರ ಹಿಂದಿನ ರಾತ್ರಿಗಳು ಮುಖ್ಯ. ಮುಂಬೈಗೆ ಹೋದ ವಾರವನ್ನು ದಿನ ದಿನವಾಗಿ ಹೇಳಿ ಎಂದೆ. ಸೋಮವಾರದಿಂದ ಬುಧವಾರ ಬ್ಯಾಂಕಿನಲ್ಲಿ ರಾತ್ರಿ 8ರ ತನಕ ಕೆಲಸ. ಗುರುವಾರ ರಾತ್ರಿ 12ರ ತನಕ ಬ್ಯಾಗ್ ತುಂಬಿದ್ದು, ಮಕ್ಕಳ ಎರಡು ದಿನದ ಅಡುಗೆಗೆ ಹೊಂದಿಸಿದ್ದು. ಶುಕ್ರವಾರ ರಾತ್ರಿ 1ಕ್ಕೆ ಮೈಸೂರಿನಿಂದ ಏರ್‌ಪೋರ್ಟ್ ಬಸ್. ಶನಿವಾರ ಬೆಳಗ್ಗೆ ವಿಮಾನ. ಮಧ್ಯಾಹ್ನ ಬಿಬ್, ಅಂದರೆ ಎದೆಗೆ ಚುಚ್ಚಿಕೊಳ್ಳುವ ನಂಬರಿನ ಹಾಳೆ, ತಗೊಳ್ಳಲು ಎಕ್ಸ್‌ಪೋದಲ್ಲಿ ಮೂರು ಗಂಟೆ ನಿಂತದ್ದು.

“ಅಂದರೆ ಶುಕ್ರವಾರ ನೀವು ಮಲಗಲೇ ಇಲ್ಲ.”

“ಹೌದಲ್ವಾ!” ಎಂದರು. ಅವರ ಲೆಕ್ಕದಲ್ಲಿ ಶುಕ್ರವಾರ ಇರಲೇ ಇಲ್ಲ. ದೋಷವೆಲ್ಲ ಶನಿವಾರದ ಮೇಲೆ ಹೊರಿಸಿದ್ದರು. ನಾನು ನೋಡಿದ ಬಹಳಷ್ಟು ಹೆಂಗಸರು ಹೀಗೆ. ಮನೆಯ ಕೆಲಸಕ್ಕೆ ಕೊಟ್ಟ ನಿದ್ದೆಯನ್ನು ಕಳೆದುಕೊಂಡ ನಿದ್ದೆ ಎಂದು ಎಣಿಸುವುದೇ ಇಲ್ಲ.

ಇಲ್ಲಿಂದ ಸಲಹೆ ತಾನಾಗಿ ಹುಟ್ಟಿತು. 2009ರಲ್ಲಿ ಅಮೆರಿಕದ ಸೈನ್ಯದ ವಾಲ್ಟರ್ ರೀಡ್ ಸಂಸ್ಥೆಯವರು ಒಂದು ಪ್ರಯೋಗ ಪ್ರಕಟಿಸಿದ್ದರು. ಒಂದು ಗುಂಪಿಗೆ ವಾರವಿಡೀ ದಿನಕ್ಕೆ 10 ಗಂಟೆ ಹಾಸಿಗೆಯಲ್ಲಿರಲು ಹೇಳಿದರು, ಇನ್ನೊಂದಕ್ಕೆ ಎಂದಿನಂತೆ. ಆಮೇಲೆ ಎರಡೂ ಗುಂಪಿಗೆ ಏಳು ರಾತ್ರಿ 3 ಗಂಟೆ ಮಾತ್ರ. ಮೊದಲೇ ಜಾಸ್ತಿ ಮಲಗಿದವರು ಆ ಏಳು ದಿನ ಚೆನ್ನಾಗಿ ತಾಳಿಕೊಂಡರು, ಬೇಗ ಚೇತರಿಸಿಕೊಂಡರು. ಬ್ಯಾಂಕಿನವರಿಗೆ ಇದನ್ನು ವಿವರಿಸುವುದು ಸುಲಭವಾಯಿತು. “ಮೊದಲೇ ಡಿಪಾಸಿಟ್ ಮಾಡಿಡೋದು” ಎಂದು ಅವರೇ ಹೆಸರಿಟ್ಟರು. ಮುಂದಿನ ಓಟದ ಹಿಂದಿನ ವಾರ ದಿನಾ 9:30ಕ್ಕೆ ದೀಪ ಆರಿಸುವುದು ಎಂದಾಯಿತು. ಅದಕ್ಕೆ ಗಂಡ ಅಡುಗೆಮನೆ ನೋಡಿಕೊಳ್ಳಬೇಕು. ಅದಕ್ಕೆ ಗಂಡನಿಗೆ ವಿಷಯ ಗೊತ್ತಿರಬೇಕು. ಮಾತ್ರೆಯ ವಿಷಯವೂ ಸೇರಿ.

ಅದನ್ನು ಹೇಳಲು ಅವರಿಗೆ ಎರಡು ವಾರ ಬೇಕಾಯಿತು. ಕೊನೆಗೆ ಒಂದು ದಿನ ರಾತ್ರಿ ಪಾತ್ರೆ ತೊಳೆಯುತ್ತಾ ಹೇಳಿದರಂತೆ. ಗಂಡ ಕೋಪ ಮಾಡಿಕೊಳ್ಳಲಿಲ್ಲ. “ನನ್ನನ್ನ ಎಬ್ಬಿಸಬಾರದಿತ್ತಾ?” ಎಂದಷ್ಟೇ ಕೇಳಿದರಂತೆ. ಇದನ್ನು ನನಗೆ ಹೇಳುವಾಗ ಅವರು ಅತ್ತರು.

ಉಳಿದ ತಯಾರಿ ಬೇಗ ಬೇಗ ಆಯಿತು. ಹೊಸ ಜಾಗದಲ್ಲಿ ಮೊದಲ ರಾತ್ರಿ ಮಿದುಳಿನ ಒಂದು ಭಾಗ ಪೂರ್ತಿ ಮಲಗದೆ ಕಾವಲು ಕಾಯುತ್ತದೆ ಎಂದು 2016ರಲ್ಲಿ ಬ್ರೌನ್ ವಿಶ್ವವಿದ್ಯಾಲಯದವರು ತೋರಿಸಿದ್ದಾರೆ. ಹಾಗಾಗಿ ಓಟ ನಡೆಯುವ ಊರಿಗೆ ಒಂದು ದಿನವಲ್ಲ, ಎರಡು ದಿನ ಮೊದಲೇ ಹೋಗಿ ಎಂದೆ. ತಲೆದಿಂಬಿನ ಹಳೆಯ ಕವರ್ ಜೊತೆಗಿರಲಿ. ಮಧ್ಯಾಹ್ನ 1ರ ಮೇಲೆ ಕಾಫಿ ಬೇಡ. ಸಂಜೆ 6ಕ್ಕೆ ಒಂದು ಹಾಳೆಯಲ್ಲಿ ಬಿಬ್, ಸೇಫ್ಟಿ ಪಿನ್, ಓಟದ ಸಮಯ ಅಳೆಯುವ ಚಿಪ್, ಟ್ಯಾಕ್ಸಿ ಎಲ್ಲ ಬರೆದು ಗುರುತು ಹಾಕಿ, ಆಮೇಲೆ ಅದನ್ನು ಮುಟ್ಟಬೇಡಿ. ಅಲಾರಂ ಎರಡಿರಲಿ, ಒಂದು ಗಂಡನ ಫೋನಿನಲ್ಲಿ. ಎಚ್ಚರವಾಗದಿದ್ದರೆ ಅನ್ನುವ ಭಯವೇ ಎಷ್ಟೋ ಜನರನ್ನು ಎಚ್ಚರವಾಗಿಡುತ್ತದೆ. ಮಲಗಿದ ಮೇಲೆ ಗಂಟೆ ನೋಡಬೇಡಿ. ಕೈಯ ವಾಚ್ ಬಿಚ್ಚಿಡಿ. ನಿದ್ದೆಗೆ ಅಂಕ ಕೊಡುವ ಆ ವಾಚ್ ಇನ್ನೊಬ್ಬ ಮೇಷ್ಟ್ರು ಇದ್ದ ಹಾಗೆ.

ಹಾಸಿಗೆಯಲ್ಲಿ ಏನು ಮಾಡಬೇಕು ಎನ್ನುವುದಕ್ಕೆ ಸ್ವಲ್ಪ ಜಾಸ್ತಿ ಸಮಯ ಕೊಟ್ಟೆವು. ನಿದ್ದೆ ಮಾಡಲು ಪ್ರಯತ್ನಿಸಬೇಡಿ ಎಂದೆ. ಕತ್ತಲಲ್ಲಿ ಕಣ್ಣು ತೆರೆದುಕೊಂಡೇ ಇರಿ. ರೆಪ್ಪೆ ಭಾರವಾದರೆ, ಇನ್ನೊಂದು ನಿಮಿಷ ತಡೀತೀನಿ ಎಂದುಕೊಳ್ಳಿ. ನಿದ್ದೆಯನ್ನು ಬೆನ್ನಟ್ಟುವುದು ಬಿಟ್ಟಾಗ ಎದೆಯ ಡವಡವ ಇಳಿಯುತ್ತದೆ. ಸುಮ್ನೆ ಮಲಗಿದ್ದರೂ ಕಾಲಿಗೆ ವಿಶ್ರಾಂತಿ ಸಿಗುತ್ತದೆ. ಅವರಿಗೆ ಇದು ವಿಚಿತ್ರ ಅನ್ನಿಸಿತು. ಮನೆಯಲ್ಲಿ ಹತ್ತು ದಿನ ಮಾಡಿ ನೋಡಿದ ಮೇಲೆ ಒಪ್ಪಿದರು.

ಆಮೇಲೆ ಒಂದು ಪರೀಕ್ಷೆ. ಜುಲೈ ತಿಂಗಳ ಒಂದು ಶನಿವಾರ ಬೇಕೆಂದೇ ತಡವಾಗಿ, ರಾತ್ರಿ 12ಕ್ಕೆ ಮಲಗಿ, 2:45ಕ್ಕೆ ಎದ್ದು, 5ಕ್ಕೆ ಗುಂಪಿನ ಜೊತೆ 18 ಕಿಲೋಮೀಟರ್ ನಿಧಾನಕ್ಕೆ ಓಡುವುದು. ಒಬ್ಬರೇ ಹೋಗಬಾರದು, ಆ ದಿನ ಸ್ಕೂಟರ್ ಮುಟ್ಟಬಾರದು. ಓಡಿ ಬಂದು ಫೋನ್ ಮಾಡಿದರು. “ಮೊದಲ ಐದು ಕಿಲೋಮೀಟರ್ ಸಾಕಪ್ಪಾ ಅನ್ನಿಸ್ತು ಮೇಡಂ. ಆಮೇಲೆ ಯಾವತ್ತಿನ ಹಾಗೇ ಇತ್ತು.” ನನಗೆ ಬೇಕಾದದ್ದು ಈ ಎರಡನೇ ವಾಕ್ಯ. ಇದನ್ನು ನಾನು ನೂರು ಸಲ ಹೇಳಿದ್ದರೂ ಅವರು ನಂಬುತ್ತಿರಲಿಲ್ಲ.

ನಡುನಡುವೆ ಬೇರೆ ಪ್ರಶ್ನೆಗಳೂ ಬಂದವು. ಬೇರೆ ಓಟಗಾರರೂ ಇವನ್ನೇ ಕೇಳುವುದರಿಂದ ಬರೆಯುತ್ತೇನೆ. ಅಲರ್ಜಿ ಮಾತ್ರೆ, ಕೆಮ್ಮಿನ ಸಿರಪ್ ಕುಡಿದು ಮಲಗುವವರು ಬಹಳ. ಹಳೆಯ ಕಾಲದ ಅಲರ್ಜಿ ಮಾತ್ರೆಗಳ ಮಂಪರು ಮರುದಿನಕ್ಕೂ ಉಳಿಯುತ್ತದೆ. ಬಾಯಿ ಒಣಗಿಸುವ ಅವು ಬೆವರನ್ನೂ ಕಡಿಮೆ ಮಾಡುತ್ತವೆ. ಬೆವರದೆ ನಾಲ್ಕೈದು ಗಂಟೆ ಓಡುವುದು ಎಷ್ಟು ಅಪಾಯ ಎಂದು ಬಿಡಿಸಿ ಹೇಳಬೇಕಿಲ್ಲ. ಇವರ ಹಾಗೆ ಕಾಲಿನ ಚಡಪಡಿಕೆ ಇದ್ದವರಿಗೆ ಅದು ಇನ್ನೂ ಜಾಸ್ತಿಯಾಗುತ್ತದೆ. ಒಂದು ಬಿಯರ್ ಕುಡಿದರೆ ಬೇಗ ಕಣ್ಣು ಮುಚ್ಚುತ್ತದೆ, ನಡುರಾತ್ರಿಯ ಮೇಲೆ ನಿದ್ದೆ ಚೂರು ಚೂರಾಗುತ್ತದೆ, ಮೂತ್ರಕ್ಕೆ ಏಳಬೇಕಾಗುತ್ತದೆ. ಮೆಲಟೋನಿನ್ ದೇಹದ ಗಡಿಯಾರಕ್ಕೆ ಸಂಜೆಯಾಯಿತು ಎಂದು ಹೇಳುವ ಹಾರ್ಮೋನ್. ಬೇರೆ ದೇಶಕ್ಕೆ ಹಾರಿ ಹೋಗಿ ಓಡುವವರಿಗೆ ವೈದ್ಯರು ಹೇಳಿದರೆ ಉಪಯೋಗಕ್ಕೆ ಬರಬಹುದು. ಮೈಸೂರಿನಿಂದ ಮುಂಬೈಗೆ ಗಡಿಯಾರ ಬದಲಾಗುವುದಿಲ್ಲ. 2017ರಲ್ಲಿ ಕೆನಡಾದಲ್ಲಿ 31 ಬಗೆಯ ಮೆಲಟೋನಿನ್ ಉತ್ಪನ್ನಗಳನ್ನು ಪರೀಕ್ಷಿಸಿದಾಗ, ಡಬ್ಬಿಯ ಮೇಲೆ ಬರೆದದ್ದಕ್ಕಿಂತ 83 ಶೇಕಡಾ ಕಡಿಮೆಯಿಂದ ಹಿಡಿದು 478 ಶೇಕಡಾ ಜಾಸ್ತಿಯ ತನಕ ಸಿಕ್ಕಿತ್ತು.

ಅವರ ಅಮ್ಮ ಗಸಗಸೆ ಪಾಯಸ ಮಾಡಿಕೊಡುತ್ತೇನೆ ಎಂದಿದ್ದರು. ಹಬ್ಬದ ಊಟದ ಮೇಲೆ ಅದನ್ನು ಕುಡಿದು ಮಧ್ಯಾಹ್ನವೆಲ್ಲ ಮಲಗಿದ ನೆನಪು ನಮಗೆಲ್ಲ ಇದೆ. ತರಬೇತಿಯ ದಿನಗಳಲ್ಲಿ ಕುಡಿದು ಹೊಟ್ಟೆಗೆ ಒಗ್ಗಿದ್ದರೆ ಅರ್ಧ ಲೋಟ ಆದೀತು, ಓಟದ ಹಿಂದಿನ ರಾತ್ರಿ ಮೊದಲ ಸಲ ಬೇಡ ಎಂದೆ. ಉದ್ದೀಪನ ಮದ್ದಿನ ಪರೀಕ್ಷೆಗೆ ಒಳಪಡುವ ಮಟ್ಟದ ಓಟಗಾರರು ಮಾತ್ರ ಅದನ್ನು ಪೂರ್ತಿ ಬಿಡುವುದು ಒಳ್ಳೆಯದು. ಗಸಗಸೆಯಿಂದ ಮೂತ್ರದಲ್ಲಿ ಮಾರ್ಫಿನ್ ಕಾಣಿಸಿಕೊಳ್ಳಬಹುದು.

ಚಿಕ್ಕಮ್ಮನ ವಿಷಯ ನನ್ನ ಮನಸ್ಸಿನಲ್ಲೇ ಇತ್ತು. 68 ವರ್ಷ. ಚಿಕ್ಕಪ್ಪ ತೀರಿಕೊಂಡ ಮೇಲೆ ಕೆಲವು ವಾರಕ್ಕೆ ಎಂದು ಬರೆದ ಮಾತ್ರೆ ಆರು ವರ್ಷದಿಂದ ನಡೆಯುತ್ತಿದೆ. ಆ ವಯಸ್ಸಿನಲ್ಲಿ ರಾತ್ರಿ ಎದ್ದಾಗ ಬಿದ್ದು ಸೊಂಟ ಮುರಿಯುವ ಅಪಾಯ ಇಂಥ ಮಾತ್ರೆಯಿಂದ ಹೆಚ್ಚುತ್ತದೆ. “ಅವರಿಗೆ ಫೋನ್ ಮಾಡಿ. ಬೈಯಬೇಡಿ, ನಿಲ್ಲಿಸಿ ಅಂತಲೂ ಹೇಳಬೇಡಿ. ಡಾಕ್ಟರ್ ಹತ್ತಿರ ಮತ್ತೊಮ್ಮೆ ತೋರಿಸಿ, ನಾನೂ ತೋರಿಸಿಕೊಂಡೆ ಅಂತ ಹೇಳಿ” ಎಂದೆ. ಮೊದಲು ಯಾರೊಂದಿಗಾದರೂ ಮಾತಾಡಬೇಕು ಅನ್ನಿಸಿದರೆ ಇರಲಿ ಎಂದು ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಕೊಟ್ಟೆ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಚಿಕ್ಕಮ್ಮ ಆ ನಂಬರಿಗೆ ಫೋನ್ ಮಾಡಲಿಲ್ಲ. ಆದರೆ ಡಾಕ್ಟರ್ ಹತ್ತಿರ ಹೋದರು. ಈಗ ಮಾತ್ರೆ ನಿಧಾನಕ್ಕೆ ಇಳಿಯುತ್ತಿದೆ.

ಅಕ್ಟೋಬರಿನಲ್ಲಿ ಇವರು ಬೆಂಗಳೂರಿನಲ್ಲಿ ಪೂರ್ತಿ ಮ್ಯಾರಥಾನ್ ಓಡಿದರು. ಶುಕ್ರವಾರವೇ ಮಲ್ಲೇಶ್ವರದ ತಂಗಿ ಮನೆಗೆ ಹೋಗಿದ್ದರು. ಶುಕ್ರವಾರ ಏಳು ಗಂಟೆ ನಿದ್ದೆ. ಶನಿವಾರ ಎಷ್ಟು ಮಲಗಿದರೋ ಗೊತ್ತಿಲ್ಲ, ವಾಚ್ ಬಿಚ್ಚಿಟ್ಟಿದ್ದರು. “ಒಂದೆರಡು ಗಂಟೆ ಇರಬಹುದು. ನಡುವೆ ಎದ್ದು ಸ್ವಲ್ಪ ಹೊತ್ತು ಬಾಲ್ಕನಿಯಲ್ಲಿ ಕೂತಿದ್ದೆ. ಮಳೆ ಬಂದು ನಿಂತಿತ್ತು. ಚೆನ್ನಾಗಿತ್ತು” ಎಂದರು. 5 ಗಂಟೆ 18 ನಿಮಿಷಕ್ಕೆ ಓಟ ಮುಗಿಸಿದರು.

ಮುಂದಿನ ವಾರ ಬಿಬ್ ತಂದು ತೋರಿಸಿದರು. ಬೆವರಿಗೆ ಸುಕ್ಕಾಗಿತ್ತು. ಹಿಂಬದಿಯಲ್ಲಿ ತುರ್ತು ಸಂಪರ್ಕ, ಕಾಯಿಲೆ, ತಗೊಳ್ಳುತ್ತಿರುವ ಔಷಧ ಬರೆಯಲು ಜಾಗ ಇರುತ್ತದೆ. ಬಹಳ ಜನ ಅದನ್ನು ಖಾಲಿ ಬಿಡುತ್ತಾರೆ. ಮುಂಬೈಯಲ್ಲಿ ಇವರೂ ಖಾಲಿ ಬಿಟ್ಟಿದ್ದರು. ಈ ಸಲ ಗಂಡನ ಫೋನ್ ನಂಬರಿನ ಕೆಳಗೆ ನೀಲಿ ಪೆನ್ನಿನಲ್ಲಿ ಬರೆದಿದ್ದರು: ಕಬ್ಬಿಣದ ಮಾತ್ರೆ, ದಿನಕ್ಕೆ ಒಂದು.